ಮಗಳು ಕೊಂಡಿದ್ದ ರ‍್ಯಾಮ್

“ಈ ಮದರ್‌ಬೋರ್ಡಿಗೆ ನೀವು ತಂದ ರ‍್ಯಾಮ್ ಕೂರೋದಿಲ್ಲ, ಇದು ಹಳೇ ಮಾದರಿ. ರ‍್ಯಾಮ್ ಬದಲಿಸಿಬಿಡಿ,” ಎಂದೆ. ಮುಂಬಯಿ ಬಳಿಯ ಡೊಂಬಿವಲಿಯ ನನ್ನ ಕಂಪ್ಯೂಟರ್ ಅಂಗಡಿಗೆ ಬಂದಿದ್ದ ಉಡುಪಿ ಕಡೆಯ ಆ ಹಿರಿಯರು ಆ ಪುಟ್ಟ ಮೆಮೊರಿ ಪಟ್ಟಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದರು.

“ಇದನ್ನು ಬದಲಿಸೂದು ಬೇಡ ಮಾರಾಯ್ರೆ. ತಂಗಿಗೆ ಕಂಪ್ಯೂಟರ್ ಜೋಡಿಸಿ ಕೊಡ್ತೇನೆ ಅಂತ ದೊಡ್ಡ ಮಗಳು ಕೆಲವು ವರ್ಷದ ಹಿಂದೆ ತಗೊಂಡು ಬರ್ತಾ ಇದ್ಲು. ರಶ್ಶಿನಲ್ಲಿ ಲೋಕಲ್ ಟ್ರೈನಿನಿಂದ ಬಿದ್ದು ತೀರಿಹೋದ್ಲು. ಪೊಲೀಸರು ಕೊಟ್ಟ ಬ್ಯಾಗಿನಲ್ಲಿ ಇದು ಹಾಗೇ ಇತ್ತು.”

ಒಳಗೆಲ್ಲ ಹುಡುಕಿ, ಆ ರ‍್ಯಾಮಿಗೆ ಹೊಂದುವ ಹಳೆಯ ಬೋರ್ಡೊಂದನ್ನು ತಂದು ಜೋಡಿಸಿದೆ. ಪರದೆ ಬೆಳಗಿದಾಗ ಅವರು ಗೋಡೆಗೆ ಮುಖಮಾಡಿ ಅತ್ತರು.

ಆ ಸಂಜೆ ಕಲ್ಯಾಣ್‌ನಲ್ಲಿರುವ ನನ್ನ ಮನೆಗೆ ಹೋಗಲು ಸ್ಟೇಷನ್ನಿಗೆ ಬಂದೆ. ಬಂದ ಗಾಡಿಯ ಬಾಗಿಲಲ್ಲಿ ಜೋತುಬಿದ್ದ ಹುಡುಗಿಯರನ್ನು ಕಂಡು ಹಿಂದೆ ಸರಿದೆ. ಹತ್ತಲಾಗದೆ ಒಂದರ ಹಿಂದೊಂದು ಗಾಡಿ ಬಿಟ್ಟೆ.