ಹಗರೆಯ ಸಾವಿನ ಸೀನು

ಹಳೇಬೀಡಿನ ದೇವಸ್ಥಾನದ ಮುಂದೆ ಸಿನಿಮಾ ಹಾಡು ತೆಗೆಯುವ ಪೈಕಿಯವರಲ್ಲ ನಾವು. ಕಲಾತ್ಮಕ ಚಿತ್ರದವರು. ಅಲ್ಲಿ ಶೂಟಿಂಗಿಗೆ ಅನುಮತಿ ಸಿಕ್ಕಿರಲಿಲ್ಲ ಎಂಬುದು ಬೇರೆ ಮಾತು. ತೊಂಬತ್ತರ ದಶಕದ ಕೊನೆ. ಕಥೆ, ನಿರ್ದೇಶನ ಎರಡೂ ನನ್ನವು. ನಾಯಕ ನನ್ನ ಗೆಳೆಯ, ಹಗರೆ ಊರಿನವನು, ಡೈರಿಯಲ್ಲಿ ಹಾಲು ಅಳೆಯುತ್ತಿದ್ದ. ಕ್ಯಾಮೆರಾ ಹಿಡಿದವರು ಬೇಲೂರಿನ ಮದುವೆ ವಿಡಿಯೋದವರು. ನಾಯಕ ಸಾಯುವ ಸೀನೊಂದು ಬಾಕಿಯಿತ್ತು. ಮರುದಿನದಿಂದ ಮದುವೆ ಸೀಸನ್ನು, ಕ್ಯಾಮೆರಾ ಸಿಗುವುದಿಲ್ಲ. ಅವತ್ತು ಅದು ಮುಗಿಯದಿದ್ದರೆ ನಮ್ಮ ಸಿನಿಮಾಕ್ಕೆ ಕೊನೆಯೇ ಇಲ್ಲ.

ಗೆಳೆಯನನ್ನು ಅವನ ಮನೆಯ ಜಗಲಿಯ ಮೇಲೆ ಹೆಣವಾಗಿ ಮಲಗಿಸಿದೆವು. ಅಳಲು ಬಂದ ಅಕ್ಕಪಕ್ಕದ ಹೆಂಗಸರು ಹೊಸ ಸೀರೆ ಉಟ್ಟು, ಹೂ ಮುಡಿದು, ಕ್ಯಾಮೆರಾ ತಿರುಗಿದಾಗಲೆಲ್ಲ ಸೆರಗು ಸರಿಮಾಡಿಕೊಂಡು ನಕ್ಕರು. ಮದುವೆ ವಿಡಿಯೋದ ಅಭ್ಯಾಸ. ಅದೇ ಅಭ್ಯಾಸದಿಂದ ಕ್ಯಾಮೆರಾದವರು ನಮ್ಮ ಮಧ್ಯಾಹ್ನದ ಊಟದ ಪಂಕ್ತಿಯನ್ನು ಒಂದು ಎಲೆಯೂ ಬಿಡದೆ ತೆಗೆದಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಷ್ಟರಲ್ಲಿ ಗೆಂಡೆಹಳ್ಳಿಗೆ ಕೊಟ್ಟಿದ್ದ ಗೆಳೆಯನ ತಂಗಿ ಎದೆ ಬಡಿದುಕೊಳ್ಳುತ್ತ ಓಡಿ ಬಂದಳು. ಬೆಳಿಗ್ಗೆ ಗೆಳೆಯನ ತಲೆಗೆ ಕಾಗೆ ಬಡಿದಿತ್ತು. ಅದಕ್ಕೆ ನಮ್ಮ ಕಡೆ ಒಂದು ಪರಿಹಾರವಿದೆ: ಸತ್ತನೆಂದು ಸುಳ್ಳು ಸುದ್ದಿ ಕಳಿಸಬೇಕು, ಹತ್ತಿರದವರು ಒಮ್ಮೆ ಅತ್ತ ಕೂಡಲೇ ನಿಜ ಹೇಳಬೇಕು, ಗಂಡಾಂತರ ಕಳೆಯುತ್ತದೆ. ಅವನ ತಾಯಿ ಮಗಳಿಗೆ ಹಾಗೆಂದು ಫೋನು ಮಾಡಿಸಿದ್ದು ನನಗೆ ಗೊತ್ತಿತ್ತು.

ತಂಗಿ ಅಣ್ಣನ ಮೇಲೆ ಬಿದ್ದು ಅತ್ತಳು. ಅವಳನ್ನು ನೋಡಿ, ನಗುತ್ತಿದ್ದ ಹೆಂಗಸರಿಗೂ ಅಳು ಬಂತು. ನಿಜ ಹೇಳಲು ಒಳಗಿಂದ ಬಂದ ತಾಯಿಗೆ ಕೈ ಅಡ್ಡ ಹಿಡಿದೆ. “ಒಂದ್ನಿಮ್ಸ ಇರವ್ವ.” ಗೆಳೆಯನೂ ಅಲ್ಲಾಡಲಿಲ್ಲ. ಕಟ್ ಎನ್ನುವವರೆಗೆ ಹೆಣ ಅಲ್ಲಾಡಬಾರದೆಂದು ನಾನೇ ಕಲಿಸಿದ್ದೆ.

ಕೊನೆಗೆ ಕಟ್ ಎಂದು ತಿರುಗಿದರೆ, ಕ್ಯಾಮೆರಾದವರು ಲೆನ್ಸಿಗೆ ಮುಚ್ಚಳ ಹಾಕಿ ಕೈಕಟ್ಟಿ ನಿಂತಿದ್ದರು.

“ಯಾಕ್ರೀ ತೆಗೀಲಿಲ್ಲ?”

“ಆ ಹುಡ್ಗಿ ನಿಜ್ವಾಗ್ಲೂ ಅಳ್ತೈತೆ ಕಣ್ರೀ. ಅದನ್ನೆಂಗೆ ತೆಗೆಯೋದು?”

ಗೆಳೆಯ ಎದ್ದು ಕುಳಿತ. ತಂಗಿ ಅವನ ಬೆನ್ನಿಗೆ ಎರಡು ಬಾರಿಸಿ, ನಕ್ಕು, ಮತ್ತೆ ಅತ್ತು, ನನ್ನ ಕಡೆ ತಿರುಗಿದಳು.

“ಅಣ್ಣ, ನಿಂಗೆ ಗೊತ್ತಿದ್ರೂ ನೋಡ್ಕಂಡು ನಿಂತಿದ್ದಾ?”

ತಲೆ ತಗ್ಗಿಸಿದೆ. ನಾಚಿಕೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಬಿಸಿಲು ಇಳಿಯುತ್ತಿತ್ತು, ಟೇಪು ಇನ್ನೂ ಸ್ವಲ್ಪ ಉಳಿದಿತ್ತು. ಬಾಯಿಗೆ ಬಂದದ್ದು ಇಷ್ಟೇ:

“ಇನ್ನೊಂದ್ಸಲ ಅಂಗೇ ಅಳ್ತೀಯೇನವ್ವ?”