ಜಗಲಿಯ ಖಾಲಿ ಕೊಕ್ಕೆ

ದಿನವಿಡೀ ಹೊರಗೆ ಸುತ್ತಾಡಿ ಸಂಜೆ ಎಂದಿನಂತೆ ಹಾರಿಬಂದ ನಮ್ಮ ಗಿಳಿ, ಜಗಲಿಯ ಕೊಕ್ಕೆಗೆ ಜೋತುಬಿದ್ದು ಅತ್ತಿತ್ತ ನೋಡತೊಡಗಿತು. ಅಲ್ಲಿ ತೂಗುತ್ತಿದ್ದ ತಂತಿಯ ಗೂಡು ಇರಲಿಲ್ಲ. ಗಿಳಿ ಸಾಕುವುದು ಕಾನೂನಿಗೆ ವಿರುದ್ಧವಂತೆ, ಅದು ಸ್ವತಂತ್ರವಾಗಿರಲಿ ಎಂದು ಮಧ್ಯಾಹ್ನವಷ್ಟೇ ನನ್ನ ತಮ್ಮ ಆ ಗೂಡನ್ನು ಗುಜರಿಯವನಿಗೆ ಕೊಟ್ಟಿದ್ದ. ನಾನೂ ಹೂಂ ಅಂದಿದ್ದೆ.

ಅಂಗೈಯಲ್ಲಿ ನೆಲಗಡಲೆ ಹಿಡಿದು ನಿಂತಿದ್ದ ಅಮ್ಮ ತಮ್ಮನತ್ತ ತಿರುಗಿದಳು. "ಅದ್ ಗೂಡ್ ಹುಡ್ಕುತ್ ಮಗಾ. ಕತ್ಲಿ ಆಯ್ತ್, ಈಗ ಅದ್ ಎಲ್ಲಿಗ್ ಹೋಪ್ದ್?"

ಸ್ವಲ್ಪ ಹೊತ್ತು ಕಾದ ಗಿಳಿ ತ್ರಾಸಿ ಕಡಲಿನ ಕಡೆಯ ತೆಂಗಿನಮರಗಳತ್ತ ಹಾರಿತು. ಮತ್ತೆ ಬರಲಿಲ್ಲ.

ತಾನಾಗಿಯೇ ಗೂಡಿಗೆ ಬರುವುದನ್ನು ಗಿಳಿಗೆ ಅಮ್ಮ ನೆಲಗಡಲೆ ಕೊಟ್ಟು ಕೊಟ್ಟು ತಿಂಗಳುಗಟ್ಟಲೆ ಕಲಿಸಿದ್ದಳು. ಬರಬಾರದೆಂಬುದನ್ನು ನಾವು ಒಂದೇ ಸಂಜೆಯಲ್ಲಿ ಕಲಿಸಿಬಿಟ್ಟೆವು.