ಮೈದುನನಿಂದ ಬರಬೇಕಾಗಿದ್ದ ಒಂದು ದಿನ

ನನ್ನ ಗಂಡ ಸಾಯುವ ಮೊದಲು ತನ್ನ ತಮ್ಮನಿಂದ ಒಂದೇ ಒಂದು ದಿನ ಕೇಳಿದ್ದರು. ಅವನು ಕೊಡಲಿಲ್ಲ. ಅವರು ತೀರಿಹೋದ ಮೇಲೆ ಆ ದಿನವನ್ನು ನಾನು ವಸೂಲಿ ಮಾಡಿದೆ. ಹೇಗೆ ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಹತ್ತನೆಯ ತರಗತಿಯವರೆಗೆ ಓದಿದವಳು. ಬರಹದಲ್ಲಿ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ. ಸಿಟ್ಟನ್ನು ಮಾತ್ರ ತಿದ್ದಬೇಡಿ.

ನಮ್ಮವರು ನರೋಣಾ ಮತ್ತು ಆಳಂದದ ನಡುವೆ ಟಂಟಂ ಆಟೋ ಓಡಿಸುತ್ತಿದ್ದರು. ಜೊತೆಗೆ ಸ್ವಲ್ಪ ಕಪ್ಪು ಮಣ್ಣಿನ ಹೊಲ, ಅದರಲ್ಲಿ ತೊಗರಿ. ಊರಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ತಗಡಿನ ಮಾಡಿನ ಒಂದು ಸಣ್ಣ ಚರ್ಚು. ಭಾನುವಾರ ಆರಾಧನೆ ಮುಗಿಯುವ ತನಕ ಅವರು ಟಂಟಂ ಚಾಲೂ ಮಾಡುತ್ತಿರಲಿಲ್ಲ. ಆದರೆ ಯಾರಿಗಾದರೂ ಹೆರಿಗೆ ನೋವು ಬಂದಿದೆ ಎಂದು ಕೇಳಿದರೆ ಪ್ರಾರ್ಥನೆಯ ನಡುವೆಯೇ ಎದ್ದು ಹೋಗುತ್ತಿದ್ದರು. ಹಾಗೆ ಎದ್ದು ಹೋದದ್ದಕ್ಕೆ ಒಮ್ಮೆ ಅವರ ತಮ್ಮನೇ ಅವರನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡಿದ್ದ. ದೇವರಿಗೆಂದು ತೆಗೆದಿಟ್ಟ ಸಮಯವನ್ನು ಒಡೆಯಬಾರದು ಎಂದಿದ್ದ. ನಮ್ಮವರು ಮನೆಗೆ ಬಂದು ನಕ್ಕು, "ದೇವರು ಆಕಿ ಹೊಟ್ಟ್ಯಾಗ ಅರ್ಜೆಂಟ್ ಇದ್ದ, ನಾ ಏನ್ ಮಾಡ್ಲಿ?" ಎಂದರು. ಕೂಸು ದಾರಿಯಲ್ಲೇ, ಟಂಟಂನಲ್ಲೇ ಹುಟ್ಟಿತ್ತು.

ಆ ತಮ್ಮ ಪಾಸ್ಟರ್. ನಾನು ಮದುವೆಯಾಗಿ ಬಂದಾಗ ಇನ್ನೂ ಶಾಲೆಗೆ ಹೋಗುತ್ತಿದ್ದ. ನನ್ನ ಕೈಯ ರೊಟ್ಟಿ ತಿಂದು ಬೆಳೆದವನು. ಈಗ ಅವನ ದೊಡ್ಡ ಹೆಸರು ಒಂದೇ ವಿಷಯಕ್ಕೆ: ಕ್ರೈಸ್ತರು ಸಮಯವನ್ನು ಹೇಗೆ ಬಳಸಬೇಕು ಎಂಬ ತರಬೇತಿ. ಒಂದು ವಾರ ಆಳಂದ, ಒಂದು ವಾರ ಅಫಜಲಪುರ, ಒಂದು ವಾರ ಜೇವರ್ಗಿ. ಗೋಡೆಯ ಮೇಲೆ ಪರದೆ ಕಟ್ಟಿ, ಒಂದು ದುಂಡನೆಯ ಚಿತ್ರ ತೋರಿಸುತ್ತಾನೆ. ಇಡೀ ದಿನವೇ ಅದರಲ್ಲಿ ಬಣ್ಣಬಣ್ಣದ ಹೋಳುಗಳಾಗಿ ಕೂತಿರುತ್ತದೆ: ಪ್ರಾರ್ಥನೆಗೆ ಇಷ್ಟು, ದುಡಿಮೆಗೆ ಇಷ್ಟು, ಕುಟುಂಬಕ್ಕೆ ಇಷ್ಟು. ಕುಟುಂಬದ ಹೋಳು ಹಸಿರು ಬಣ್ಣದ್ದು. ನಾನು ಅದನ್ನು ಬಹಳ ಹೊತ್ತು ನೋಡಿದ್ದೇನೆ.

ನಮ್ಮವರ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಎರಡು ಸಲ ಕಲಬುರಗಿಗೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ಮಷೀನಿಗೆ ಹಚ್ಚಿದರೆ ನಾಲ್ಕು ತಾಸು ಅಲುಗಾಡುವಂತಿಲ್ಲ. ಪಕ್ಕದಲ್ಲಿ ಒಬ್ಬರಿಗೆ ಕೂರಲು ಬಿಡುತ್ತಿದ್ದರು, ನಾನೇ ಕೂರುತ್ತಿದ್ದೆ. ಒಂದು ದಿನ ಅವರು ಹೇಳಿದರು:

"ನೀ ಯಾವಾಗ್ಲೂ ಕುಂದರತಿ. ಒಂದ್ ದಿನ ಅವನ್ನ ಕರಿ. ಸಣ್ಣಾಂವಿದ್ದಾಗ ಜ್ವರ ಬಂದ್ರ ನನ್ನ ತೊಡಿ ಬಿಟ್ಟು ಏಳ್ತಿದ್ದಿಲ್ಲ."

ನಾನು ಫೋನ್ ಮಾಡಿದೆ.

"ವೈನಿ, ಈ ವಾರ ಅಫಜಲಪುರದಾಗ ಕೂಟ ಅದ ರೀ. ಮುಂದಿನ ವಾರ ಖರೇ ಬರ್ತೇನಿ."

ಮುಂದಿನ ವಾರ ಜೇವರ್ಗಿ ಇತ್ತು. ಅದರ ಮುಂದಿನ ವಾರ ಹೊರಗಿನಿಂದ ಬಂದ ದೊಡ್ಡ ಪಾಸ್ಟರುಗಳಿಗೆ ಸೊನ್ನದ ಬ್ಯಾರೇಜು ತೋರಿಸುವುದಿತ್ತು. ನೀರು ನೋಡಲು ಸಮಯವಿತ್ತು. ಪ್ರತಿ ಸಲವೂ ಅವನು, "ನಿಮ್ಮ ಸಂಬಂಧ ಪ್ರಾರ್ಥನಾ ಮಾಡಾಕತ್ತೇನಿ ವೈನಿ" ಎಂದು ಹೇಳಿಯೇ ಫೋನ್ ಇಡುತ್ತಿದ್ದ. ನಮ್ಮವರಿಗೆ ನಾನು ಅಳುಕುತ್ತಾ ಹೇಳಿದರೆ ಅವರು, "ಅವನ ಟೈಮ್ ಟೇಬಲ್‌ದಾಗ ನಾ ಇಲ್ಲ ಬಿಡು. ಸತ್ತ ಮ್ಯಾಲ ಹಾಕೊಂತಾನ" ಎಂದು ಚೇಷ್ಟೆ ಮಾಡಿದರು.

ಹಾಗೇ ಆಯಿತು. ಮಳೆಗಾಲ ಮುಗಿಯುವಾಗ ಅವರು ಹೋದರು. ಮಣ್ಣಿಗೆ ಅವನು ಎಲ್ಲರಿಗಿಂತ ಮೊದಲೇ ಬಂದ. ಬಿಸಿಲಿನಲ್ಲಿ ಕುಣಿಯ ಪಕ್ಕ ನಿಂತು, ಮೈಕಿನಲ್ಲಿ, ಮನುಷ್ಯನ ದಿನಗಳು ಹುಲ್ಲಿನಂತೆ ಬಾಡುತ್ತವೆ ಎಂದು ಎಷ್ಟು ಹೊತ್ತು ಬೋಧಿಸಿದನೆಂದರೆ, ಹೆಣ ಹೊತ್ತವರು ನೆರಳು ಹುಡುಕಿಕೊಂಡು ಹೋದರು. ನಾನು ಪೆಟ್ಟಿಗೆಯನ್ನು ನೋಡಲಿಲ್ಲ, ಅವನ ಬಾಯನ್ನೇ ನೋಡಿದೆ. ಆ ಬಾಯಿ ಎಂದಾದರೂ ಮುಚ್ಚುವಂತೆ ಮಾಡಬೇಕು ಎಂದುಕೊಂಡೆ. ಗಂಡನ ಮಣ್ಣಿನ ದಿನ ಒಬ್ಬ ಹೆಂಗಸು ಯೋಚಿಸಬೇಕಾದದ್ದು ಅದಲ್ಲ. ಆದರೆ ಅಂದು ನನ್ನನ್ನು ಕಾಲ ಮೇಲೆ ನಿಲ್ಲಿಸಿದ್ದು ಅದೇ.

ಅವರು ಹೋಗಿ ತಿಂಗಳಾದಾಗ ನಮ್ಮ ಅಂಗಳದಲ್ಲಿ ಪ್ರಾರ್ಥನೆ ಇಟ್ಟೆವು. ಅವನು ಬಂದ. ನಾನು ಅವನಿಗೆ ಮುಖ ಕೊಡುತ್ತಿಲ್ಲ ಎಂಬುದು ಊರಿಗೇ ತಿಳಿದಿತ್ತು, ಅವನಿಗೂ ತಿಳಿದಿತ್ತು. ಅದಕ್ಕೇ ಇರಬೇಕು, ಅಂದಿನ ಬೋಧನೆಗೆ ಅವನು ಆರಿಸಿದ್ದು ಕ್ಷಮೆಯ ವಿಷಯ. ಮನಸ್ಸಿನಲ್ಲಿ ಸಿಟ್ಟು ಇಟ್ಟುಕೊಳ್ಳುವುದು ದೇವರು ಕೊಟ್ಟ ಸಮಯವನ್ನು ಹಾಳು ಮಾಡಿದಂತೆ ಎಂದ. ಕೊನೆಗೆ ನನ್ನ ಕಡೆ ನೋಡಿ, "ಮುಯ್ಯಿ ತೀರಿಸೋದು ದೇವರ ಕೆಲಸ, ನಮ್ಮದಲ್ಲ" ಎಂದ.

ಮುಯ್ಯಿ ಎಂದರೆ ಪುಸ್ತಕದ ಮಾತಿನಲ್ಲಿ ಸೇಡು. ನಮ್ಮ ಹೊಲದ ಮಾತಿನಲ್ಲಿ ಅದಕ್ಕೆ ಇನ್ನೊಂದು ಅರ್ಥವಿದೆ. ನನ್ನ ಹೊಲಕ್ಕೆ ನೀನು ಒಂದು ದಿನ ಬಂದು ದುಡಿದರೆ, ನಿನ್ನ ಹೊಲಕ್ಕೆ ನಾನು ಒಂದು ದಿನ ಬರಬೇಕು. ಹಾಗೆ ಬರುವವರನ್ನು ಮುಯ್ಯಾಳು ಎನ್ನುತ್ತಾರೆ. ಇದಕ್ಕೆ ಕೂಲಿಯಿಲ್ಲ. ಬದಲಿ ಆಳನ್ನು ಕಳಿಸುವಂತಿಲ್ಲ. ಯಾರ ಮೇಲೆ ಮುಯ್ಯಿ ಇದೆಯೋ ಅವರೇ ಬರಬೇಕು. ಯಾವ ದಿನ ಎಂಬುದನ್ನು ಕರೆಯುವವರು ಹೇಳುತ್ತಾರೆ, ಏಕೆಂದರೆ ಬೆಳೆ ಕಾಯುವುದಿಲ್ಲ. ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ.

ಅವನು ಪಾಸ್ಟರ್ ಆಗಲು ಓದುತ್ತಿದ್ದ ವರ್ಷಗಳಲ್ಲಿ ಅವನ ಪಾಲಿನ ಹೊಲಕ್ಕೂ ಊರಿನವರು ಮುಯ್ಯಾಳಾಗಿ ಬಂದಿದ್ದರು. ಅವನ ಬದಲಿಗೆ ತೀರಿಸಿದವರು ನಮ್ಮವರು. ತಮ್ಮ ಇಲ್ಲಿಲ್ಲ, ದೇವರ ಕೆಲಸ ಕಲಿಯುತ್ತಿದ್ದಾನೆ ಎಂದು ಊರಿನವರೇ ಆ ರಿಯಾಯಿತಿ ಕೊಟ್ಟಿದ್ದರು. ಟಂಟಂ ಬಿಟ್ಟು, ಬಾಡಿಗೆ ಕಳೆದುಕೊಂಡು, ಕಂಡವರ ಹೊಲದಲ್ಲಿ ಅವನ ದಿನಗಳನ್ನು ದುಡಿದವರು ಅವರು.

ಆಮೆನ್ ಆಗುವುದಕ್ಕೆ ಮೊದಲೇ ನಾನು ಎದ್ದು ನಿಂತೆ. ಅವನು ಪಾಸ್ಟರ್ ಆದಾಗಿನಿಂದ ಜನರ ಮುಂದೆ ಅವನಿಗೆ 'ನೀವು' ಎನ್ನುತ್ತಿದ್ದೆ. ಅಂದು ಅದನ್ನು ಬಿಟ್ಟೆ.

"ಆ ಮುಯ್ಯಿ ದೇವರು ನೋಡ್ಕೊಳ್ಳಲಿ. ಈ ಮುಯ್ಯಿ ನಂದು. ನಿಮ್ಮಣ್ಣ ನಿನ್ನ ಹೆಸರಿನ್ಯಾಗ ದುಡದಾರ. ಅದರಾಗ ಒಂದ್ ದಿನ ನಂಗ ಬರಬೇಕು. ತೊಗರಿ ಕೊಯ್ಯೂ ದಿನ ಕರೀತೇನಿ, ಬಾ."

ಅವನು ನಗಲು ನೋಡಿದ.

"ಯಾಕ್ ತ್ರಾಸ್ ತಗೋತೀರಿ ವೈನಿ? ನಾ ಇಬ್ಬರು ಆಳ್ ಕಳಸ್ತೇನಿ."

ಹಿಂದಿನಿಂದ ನೆರೆಮನೆಯ ಖಾಲಾ ಬಾಯಿ ಹಾಕಿದಳು. ಅವಳ ಹೊಲದಲ್ಲೂ ನಮ್ಮವರು ಅವನ ದಿನ ದುಡಿದಿದ್ದರು. "ಅರೇ ಬೇಟಾ, ಮುಯ್ಯಾಳಿಗೆ ಆಳ್ ಕಳಸ್ತಾರೇನೋ? ನಾಳಿ ಸ್ವರ್ಗಕ್ಕೂ ಆಳ್ ಕಳಸ್ತಿ ಏನು ನೀ?"

ಎಲ್ಲರೂ ನಕ್ಕರು. ನಕ್ಕ ಮೇಲೆ ಅವನಿಗೆ ತಪ್ಪಿಸಿಕೊಳ್ಳಲು ದಾರಿ ಉಳಿಯಲಿಲ್ಲ.

ಕ್ರಿಸ್ಮಸ್ ಕಳೆಯುವ ಹೊತ್ತಿಗೆ ತೊಗರಿ ಒಣಗಿತು. ಕೊಯ್ಯಬಹುದಿತ್ತು. ನಾನು ಕೊಯ್ಯಲಿಲ್ಲ. ಹೊಸ ವರ್ಷದ ಆರಂಭದಲ್ಲಿ ಜೇವರ್ಗಿಯಲ್ಲಿ ಅವನ ದೊಡ್ಡ ತರಬೇತಿ ಇತ್ತು, ವರ್ಷವನ್ನು ದೇವರ ಚಿತ್ತದಂತೆ ಯೋಜಿಸುವುದು ಹೇಗೆಂದು. ಪೆಂಡಾಲು, ಊಟ, ಹೊರಗಿನ ಅತಿಥಿಗಳು. ಆ ದಿನಕ್ಕಾಗಿಯೇ ಕಾದೆ. ಕಾಯಿಗಳು ಗಿಡದಲ್ಲೇ ಸಿಡಿಯತೊಡಗಿದವು. ಬಿಸಿಲೇರಿದರೆ ಹೊಲದ ತುಂಬ ಚಟಚಟ ಸದ್ದು, ಕಾಳು ನೆಲದ ಬಿರುಕಿನೊಳಗೆ ಬೀಳುತ್ತಿತ್ತು. ಖಾಲಾ ಬೈದಳು: "ಹುಚ್ಚಿ ಆದಿ ಏನ್ ಬೇ? ಕಾಳೆಲ್ಲಾ ಇಲಿ ತಿನ್ನಾಕತ್ತಾವ."

"ತಿನ್ನಲಿ ಬಿಡು."

ಸುಗ್ಗಿಯನ್ನು ತಪ್ಪಿಸುವುದು ನಾವು ನಂಬಿದ ದೇವರ ಲೆಕ್ಕದಲ್ಲಿ ಸಣ್ಣ ತಪ್ಪಲ್ಲ. ಪ್ರತಿಯೊಂದಕ್ಕೂ ಒಂದು ಕಾಲವಿದೆ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು. ಕೊಯ್ಯುವ ಕಾಲ ಇದೆಂದು ಕಣ್ಣಿಗೆ ಕಾಣುತ್ತಿತ್ತು. ಆದರೆ ನನ್ನ ಕಾಲ ಬೇರೆ ಇತ್ತು. ತರಬೇತಿಯ ಹಿಂದಿನ ದಿನ ಬೆಳಿಗ್ಗೆ ಫೋನ್ ಮಾಡಿದೆ.

"ನಾಳೆ ಕೊಯ್ಯತೇವಿ. ಬಾ."

"ವೈನಿ, ನಾಳೆ... ನಿಮಗ ಗೊತ್ತದಲ್ರಿ, ನಾಳೆ ಜೇವರ್ಗಿ."

"ಗೊತ್ತದ."

ಅವನು ಬರುತ್ತೇನೆ ಎನ್ನುವ ತನಕ ನಾನು ಫೋನ್ ಇಡಲಿಲ್ಲ. ಅಷ್ಟು ತಿಂಗಳಲ್ಲಿ ಅಂದು ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಮರುದಿನ ಅವನು ಬಂದ. ಆದರೆ ಒಬ್ಬನೇ ಬರಲಿಲ್ಲ. ಒಂದು ಕ್ರೂಸರ್ ಗಾಡಿ ತುಂಬ ಯುವಕರನ್ನು ಕರೆತಂದಿದ್ದ. ಎಲ್ಲರ ತಲೆಗೂ ಒಂದೇ ಬಣ್ಣದ ಟೋಪಿ. ಒಬ್ಬ ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಿದ್ದ. ತರಬೇತಿಯನ್ನು ಮಧ್ಯಾಹ್ನಕ್ಕೆ ತಳ್ಳಿದ್ದಾನಂತೆ. ವಿಧವೆಯ ಹೊಲದಲ್ಲಿ ಸೇವೆ ಮಾಡಿ, ಅದನ್ನೇ ಅಲ್ಲಿ ತೋರಿಸುವುದಂತೆ. ಅಷ್ಟು ಜನ ಕೈ ಹಚ್ಚಿದರೆ ಊಟದ ಹೊತ್ತಿಗೆ ಹೊಲ ಖಾಲಿ. ನನ್ನ ಸೇಡನ್ನೂ ಅವನು ತನ್ನ ಚಿತ್ರದಲ್ಲಿ ಒಂದು ಹೋಳು ಮಾಡಿಕೊಂಡಿದ್ದ.

ನಾನು ಬದುವಿನ ಮೇಲೆ ನಿಂತು ಹೇಳಿದೆ: "ಮಕ್ಕಳೇ, ನಿಮ್ಮ ಮ್ಯಾಲ ನನ್ನ ಮುಯ್ಯಿ ಏನೂ ಇಲ್ಲ. ಚಹಾ ಕುಡದು ಹೋಗ್ರಿ. ಇವನೊಬ್ಬನು ಇರಲಿ, ಹೊತ್ತು ಮುಳುಗೂ ತನಕ."

"ವೈನಿ, ಜನ ಬಂದು ಕುಂತಿರ್ತಾರ್ರಿ ಅಲ್ಲಿ."

"ಕುಂದರಲಿ. ಕಾಯೋದು ಏನಂತ ಅವರಿಗೂ ತಿಳೀಲಿ."

ಅವನ ಮುಖ ಕಪ್ಪಿಟ್ಟಿತು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿ, ಟೋಪಿ ತೆಗೆದು, ಗಾಡಿ ಹತ್ತಿದರು. ತನ್ನ ಬದಲಿಗೆ ಬೇರೆಯವರು ಬೋಧಿಸಲಿ ಎಂದು ಅವನೇ ಹೇಳಿ ಕಳಿಸಿದ. ಆ ಮಾತು ಹೇಳುವಾಗ ಅವನ ದನಿ ನಡುಗಿದ್ದನ್ನು ನಾನು ಈಗಲೂ ನೆನೆಸಿಕೊಂಡು ಸುಖಪಡುತ್ತೇನೆ.

ಮುಯ್ಯಾಳುಗಳಾಗಿ ಬಂದ ನಾಲ್ಕಾರು ಹೆಂಗಸರು ಸಾಲು ಹಿಡಿದರು. ಅವನಿಗೂ ಒಂದು ಸಾಲು ಕೊಟ್ಟೆ. ಕುಡಗೋಲನ್ನು ಮುಷ್ಟಿಯಲ್ಲಿ ನೆಟ್ಟಗೆ ಹಿಡಿದು ನಿಂತ.

"ಮೈಕ್ ಅಲ್ಲಪಾ ಅದು," ಎಂದಳು ಖಾಲಾ, "ಬಗ್ಗಬೇಕು."

ಬಗ್ಗಿದ. ತೊಗರಿ ಗಿಡದ ಬುಡ ಕಟ್ಟಿಗೆಯಷ್ಟು ಗಟ್ಟಿ. ಸ್ವಲ್ಪ ಹೊತ್ತಿನಲ್ಲೇ ಅಂಗೈಯಲ್ಲಿ ಬೊಕ್ಕೆ ಎದ್ದವು. ಅವನ ಮೊಬೈಲ್ ಮತ್ತೆ ಮತ್ತೆ ರಿಂಗಾಗುತ್ತಿತ್ತು. ನಾನು ಕೈ ಚಾಚಿದೆ, ಕೊಟ್ಟ. ಅದನ್ನು ಬುತ್ತಿಯ ಗಂಟಿನೊಳಗೆ ಇಟ್ಟು ಕಟ್ಟಿದೆ. ರೊಟ್ಟಿಯ ಕೆಳಗೆ ಅದು ಗುಂಯ್ ಗುಂಯ್ ಎನ್ನುತ್ತಿತ್ತು. ಕರೆದು ಕರೆದು ಕೊನೆಗೆ ಸುಮ್ಮನಾಯಿತು.

ಊಟಕ್ಕೆ ಬೇವಿನ ಮರದ ಕೆಳಗೆ ಕೂತೆವು. ಬೊಕ್ಕೆ ಒಡೆದ ಕೈಯಿಂದ ರೊಟ್ಟಿ ಮುರಿಯಲು ಅವನಿಗೆ ಆಗುತ್ತಿರಲಿಲ್ಲ. ನಾನು ಮುರಿದು ಕೊಡಲಿಲ್ಲ. ಉಳಿದವರು ನೀರಿಗೆಂದು ಎದ್ದು ಹೋದಾಗ ಅವನು ತಲೆ ತಗ್ಗಿಸಿಕೊಂಡೇ ಕೇಳಿದ:

"ವೈನಿ, ಅಣ್ಣ ಕೊನೀಗೆ ನನ್ನ ಬಗ್ಗೆ ಏನರ ಅಂದನೇನ್ರಿ?"

ಅಂದಿದ್ದರು. ಕೊನೆಯ ಸಲ ಮಷೀನಿನಿಂದ ಬಿಡಿಸಿದ ಮೇಲೆ, ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆ ಕೊಟ್ಟು ಹೇಳಿದ್ದರು. ಅವನಿಗೆ ಮುಟ್ಟಿಸು ಎಂದೂ ಹೇಳಿದ್ದರು. ಆ ಮಾತು ಬಾಯಿಯ ತನಕ ಬಂತು. ಅವನ ಮುಖ ನೋಡಿದೆ. ಈ ಒಂದು ಮಾತಿಗಾಗಿ ಇವನು ಎಷ್ಟು ಹೊತ್ತು ಬೇಕಾದರೂ ಕೂರುತ್ತಾನೆ ಎಂದು ಆಗ ನನಗೆ ಗೊತ್ತಾಯಿತು. ಇಷ್ಟು ದಿನ ನಾನು ಹುಡುಕುತ್ತಿದ್ದ ಆಯುಧ ನನ್ನ ಹತ್ತಿರವೇ ಇತ್ತು.

"ಸಾಲು ಉಳದದ, ಏಳು" ಎಂದೆ.

ಹೊತ್ತು ಮುಳುಗುವ ತನಕ ಕೊಯ್ದ. ಹೋಗುವಾಗ ಮೊಬೈಲ್ ಕೇಳುವುದನ್ನೂ ಮರೆತ. ನಾನೇ ಕರೆದು ಕೊಟ್ಟೆ.

ಮುಂದಿನ ಗುರುವಾರ ಕರೆಯದೆಯೇ ಬಂದ. ಆಮೇಲಿನ ಗುರುವಾರವೂ ಬಂದ. ತೊಗರಿ ಬಡಿದ, ಕಟ್ಟಿಗೆ ಒಟ್ಟಿದ, ಛಾವಣಿಯ ತಗಡಿಗೆ ಕಲ್ಲು ಹೇರಿದ. ಕೆಲಸ ಮುಗಿದ ಮೇಲೆ ಕಟ್ಟೆಯ ಮೇಲೆ ಸುಮ್ಮನೆ ಕೂರುತ್ತಾನೆ. ಕೇಳುವುದಿಲ್ಲ, ಕಾಯುತ್ತಾನೆ. ನಾನು ಚಹಾ ಕೊಡುತ್ತೇನೆ, ಮಾತು ಕೊಡುವುದಿಲ್ಲ. ಅವನ ಹೆಂಡತಿ ಖಾಲಾಳ ಮುಂದೆ ಹೇಳಿದಳಂತೆ, ಗುರುವಾರದ ಕೂಟಗಳನ್ನೆಲ್ಲ ಬಿಟ್ಟಿದ್ದಾನಂತೆ. ನಮ್ಮವರಿಗೆ ಒಂದೇ ಒಂದು ದಿನ ಕೊಡದವನಿಂದ ನಾನು ಈಗ ವಾರಕ್ಕೊಂದು ದಿನ ಕಿತ್ತುಕೊಳ್ಳುತ್ತಿದ್ದೇನೆ. ಇದರಲ್ಲಿ ನನಗೆ ಸಂತೋಷವಿಲ್ಲ ಎಂದರೆ ಸುಳ್ಳಾಗುತ್ತದೆ.

ಸಮಯ ನಮ್ಮದಲ್ಲ, ಮೇಲಿನವನು ನಂಬಿ ಕೈಗೆ ಕೊಟ್ಟದ್ದು ಎಂದು ನಾನೂ ನಂಬುತ್ತೇನೆ. ಅದನ್ನು ಹೀಗೆ ಬಳಸುತ್ತಿರುವುದಕ್ಕೆ ನನ್ನಿಂದ ಲೆಕ್ಕ ಕೇಳುತ್ತಾನೆ, ಅದೂ ಗೊತ್ತು. ಮೊನ್ನೆ ಖಜೂರಿಯ ರಸ್ತೆಯಲ್ಲಿ ಲಾರಿಯೊಂದು ಅವನ ಬೈಕನ್ನು ಸವರಿಕೊಂಡು ಹೋಯಿತಂತೆ, ಕೂದಲೆಳೆಯಲ್ಲಿ ಉಳಿದನಂತೆ. ಅದನ್ನು ಕೇಳಿದಾಗ ನಾನು ಹೆದರಿದೆ. ಅವನಿಗಾಗಿ ಅಲ್ಲ. ಆ ಮಾತು ಮುಟ್ಟಿಸದೆ ಅವನೂ ಹೋಗಿಬಿಟ್ಟರೆ ನಮ್ಮವರಿಗೆ ನಾನು ಏನು ಹೇಳಲಿ?

ಬಾಯಿಂದ ಹೇಳಲು ಆಗುವುದಿಲ್ಲ, ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಅದಕ್ಕೇ ಇದನ್ನು ಬರೆದೆ. ಗುರುವಾರ ಬಂದಾಗ ಈ ಹಾಳೆಗಳನ್ನು ಅವನ ಕೈಗೆ ಕೊಡುತ್ತೇನೆ. ತನ್ನ ಬಗ್ಗೆ ನಾನು ಬರೆದದ್ದನ್ನೆಲ್ಲ ಮೊದಲಿನಿಂದ, ಒಂದೊಂದು ಸಾಲೂ, ನನ್ನ ಕಣ್ಣ ಮುಂದೆ ಕೂತು ಓದಲಿ. ಓದಿದರೆ ಅವನ ಅಣ್ಣ ಬಸ್ಸಿನಲ್ಲಿ ಹೇಳಿದ್ದು ಇಲ್ಲಿ ಸಿಗುತ್ತದೆ:

"ಅವನ ಮ್ಯಾಲ ನಂಗ ಸಿಟ್ಟಿಲ್ಲ ಅಂತ ಹೇಳು. ನೀನೂ ಸಿಟ್ಟ ಮಾಡಬ್ಯಾಡ."

ಮೊದಲಿನ ಮಾತು ಅವನದು, ತೆಗೆದುಕೊಳ್ಳಲಿ. ಎರಡನೆಯದು ನನಗೆ ಹೇಳಿದ್ದು. ಅದಕ್ಕೆ ನನಗೆ ಇನ್ನೂ ಸಮಯ ಬೇಕು.